ಜೋಡಿ ಗುರುತುಗಳೂ ಕ್ಲೇನಿಯ ಸೂತ್ರವೂ

ಲಿಖಿತ ಪಾಠವನ್ನು ಗಣಕಯಂತ್ರಕ್ಕೆ ಒಪ್ಪಿಸುವಾಗ ಅದರ ಭಾಗಗಳನ್ನು ಜೋಡಿ ಗುರುತುಗಳ ನಡುವೆ ಇರಿಸುವ ಪದ್ಧತಿಯುಂಟು. ಇವಕ್ಕೆ ಟ್ಯಾಗ್ ಎಂದು ಹೆಸರು. ಒಂದು ತೆರೆಯುತ್ತದೆ, ಮತ್ತೊಂದು ಮುಚ್ಚುತ್ತದೆ. ಇಂತಹ ಜೋಡಿಗಳನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್ ಎಂಬ ಹುಡುಕುವ ಸೂತ್ರದಿಂದ ಹಿಡಿಯಲು ಯತ್ನಿಸಿ ಸೋತವರು ಅನೇಕರು. ಆ ಸೋಲಿನ ಕಾರಣವು ಟ್ಯಾಗುಗಳು ಹುಟ್ಟುವ ಮುನ್ನವೇ ತಿಳಿದಿದ್ದಿತೆಂಬುದನ್ನು ತೋರಿಸುವುದು ನಮ್ಮ ಉದ್ದೇಶ.

ಸೂತ್ರದ ಮೂಲವಿರುವುದು ನರಕೋಶಗಳ ವಿಚಾರದಲ್ಲಿ. 1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ಅವರು ನರಜಾಲಕ್ಕೆ ಗಣಿತರೂಪವನ್ನು ಕೊಟ್ಟರು. ಅದನ್ನು ಪರಿಶೀಲಿಸಿದ ಅಮೆರಿಕದ ತರ್ಕಶಾಸ್ತ್ರಜ್ಞ ಸ್ಟೀಫನ್ ಕ್ಲೇನಿಯವರು, ಪರಿಮಿತ ಸ್ಥಿತಿಗಳುಳ್ಳ ಯಂತ್ರವು ಏನನ್ನು ಗುರುತಿಸಬಲ್ಲುದೆಂಬುದನ್ನು 1951ರ ವರದಿಯೊಂದರಲ್ಲಿ ನಿರ್ಣಯಿಸಿದರು. ಅದು 1956ರಲ್ಲಿ ಅಚ್ಚಾಯಿತು. ‘ರೆಗ್ಯುಲರ್’ ಎಂಬ ಹೆಸರು ಅವರಿಗೇ ಪೂರ್ತಿ ಹಿಡಿಸಿದಂತಿಲ್ಲ. ಹೆಚ್ಚು ಅರ್ಥವತ್ತಾದ ಪದವಿದ್ದರೆ ಸೂಚಿಸಬಹುದೆಂದು ಓದುಗರನ್ನು ಕೇಳಿದ್ದಾರೆ. ಪಾರಿಭಾಷಿಕ ಪದಗಳಿಗಾಗಿ ತಡಕಾಡುವ ಕನ್ನಡಿಗರಿಗೆ ಇದು ಸಮಾಧಾನದ ಸಂಗತಿ.

ಅದೇ 1956ರಲ್ಲಿ ನೋಮ್ ಚಾಮ್‌ಸ್ಕಿಯವರು ಇಂಗ್ಲಿಷ್ ವಾಕ್ಯರಚನೆಯನ್ನು ವಿವರಿಸಲು ಇಂತಹ ಯಂತ್ರ ಸಾಲದೆಂದು ವಾದಿಸಿದರು. ‘ಒಂದು ವೇಳೆ’ ಎಂದು ತೊಡಗಿದ ಮಾತಿಗೆ ‘ಆಗ’ ಎಂಬ ಉತ್ತರಾಂಗ ಬರಬೇಕು. ನಡುವೆ ಅಂತಹುದೇ ಮತ್ತೊಂದು ಜೋಡಿ ಸೇರಬಹುದು, ಅದರೊಳಗೆ ಇನ್ನೊಂದು. ಎಷ್ಟು ತೆರೆದಿವೆಯೆಂಬ ಲೆಕ್ಕಕ್ಕೆ ಮಿತಿಯಿಲ್ಲ. ಯಂತ್ರದ ಸ್ಥಿತಿಗಳಿಗಾದರೋ ಮಿತಿಯುಂಟು. ಟ್ಯಾಗಿನೊಳಗಿನ ಟ್ಯಾಗಿನ ತೊಡಕೂ ಇದೇ.

1968ರಲ್ಲಿ ಕೆನ್ ಥಾಂಪ್ಸನ್ ಅವರು ಈ ಸೂತ್ರಗಳಿಂದ ಪಾಠವನ್ನು ಶೀಘ್ರವಾಗಿ ಹುಡುಕುವ ವಿಧಾನವನ್ನು ಪ್ರಕಟಿಸಿದರು. 1973ರಲ್ಲಿ ಯೂನಿಕ್ಸ್‌ಗೆ ‘ಗ್ರೆಪ್’ ಎಂಬ ಉಪಕರಣ ಬಂದಿತು. ಇತ್ತ ಐಬಿಎಂ ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಮತ್ತು ಸಂಗಡಿಗರು 1969ರಲ್ಲಿ ಗುರುತುಭಾಷೆಯೊಂದನ್ನು ರಚಿಸಿದ್ದರು; ಅದರಿಂದ ಬೆಳೆದ ಎಸ್‌ಜಿಎಂಎಲ್ 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಉಪಕರಣವನ್ನು ಕೈಗೆತ್ತಿಕೊಂಡವರಲ್ಲಿ ಬಹುಮಂದಿ ಹಿಂದಿನ ಸಿದ್ಧಾಂತವನ್ನು ಓದಿದವರಲ್ಲ.

ಇದರಿಂದ ಇತಿಹಾಸಕಾರನಿಗೆ ಒದಗುವ ಹಾನಿಯನ್ನು ನೋಡೋಣ. ಶಾಸನಪಾಠವೊಂದರಲ್ಲಿ ಸಂಪಾದಕನ ಟಿಪ್ಪಣಿಗಳನ್ನು ಜೋಡಿ ಗುರುತುಗಳ ನಡುವೆ ಇಟ್ಟಿದೆ. ಒಂದು ಟಿಪ್ಪಣಿಯೊಳಗೆ ಚಿಕ್ಕದೊಂದು ಟಿಪ್ಪಣಿಯಿದೆ. ಮೂಲವನ್ನು ಮಾತ್ರ ಉಳಿಸಲೆಂದು, ತೆರೆಯುವ ಗುರುತಿನಿಂದ ಮೊದಲು ಸಿಕ್ಕ ಮುಚ್ಚುವ ಗುರುತಿನವರೆಗೆ ಅಳಿಸುವ ಸೂತ್ರವನ್ನು ಬಳಸಿದರೆ, ಒಳಟಿಪ್ಪಣಿಯ ಕೊನೆಗೇ ಅಳಿಸುವ ಕಾರ್ಯ ನಿಲ್ಲುವುದು. ಹೊರಟಿಪ್ಪಣಿಯ ಬಾಲವು ಶಾಸನದ ಮಾತಾಗಿ ಉಳಿಯುವುದು. ಕೊಟ್ಟಕೊನೆಯ ಗುರುತಿನವರೆಗೆ ಚಾಚಿದರೆ ಎರಡು ಟಿಪ್ಪಣಿಗಳ ನಡುವಣ ಶಾಸನವೇ ಅಳಿಯುವುದು. ಸಂಪಾದಕನ ಊಹೆ ಕಲ್ಲಿನ ಬರಹವೆನಿಸುವುದು ನಮ್ಮ ವೃತ್ತಿಯಲ್ಲಿ ಸಣ್ಣ ಪ್ರಮಾದವಲ್ಲ.

ಸೂತ್ರವು ತನ್ನನ್ನೇ ಮರಳಿ ಕರೆಯುವ ಸೌಕರ್ಯವನ್ನು ಈಚಿನ ಕೆಲವು ಉಪಕರಣಗಳು ಕಲ್ಪಿಸಿವೆ. 2007ರ ಪರ್ಲ್ 5.10 ಅವುಗಳಲ್ಲೊಂದು. ಅಲ್ಲಿ ಜೋಡಿಗಳನ್ನು ಹಿಡಿಯಬಹುದೆಂಬುದು ದಿಟ. ಆದರೆ ಅವು ಕ್ಲೇನಿಯವರ ಸೂತ್ರಗಳಲ್ಲ. ಹೆಸರು ಮಾತ್ರ ಹಳೆಯದು. ತೆರೆದ ಗುರುತುಗಳನ್ನು ಒಂದರ ಮೇಲೊಂದು ಪೇರಿಸಿ, ಮುಚ್ಚುವುದು ಬಂದಾಗ ಮೇಲಿನದನ್ನು ತೆಗೆಯುವ ಪಾರ್ಸರ್ ಎಂಬ ಸಾಧನವೇ ಈ ಕೆಲಸಕ್ಕೆ ತಕ್ಕುದು. ಟ್ಯಾಗಿನೊಳಗೆ ಅದೇ ಟ್ಯಾಗ್ ಇಲ್ಲವೆಂದು ಖಚಿತವಾಗಿ ತಿಳಿದ ಕಡತಗಳಿಗೆ ಹಳೆಯ ಸೂತ್ರ ಸಾಕು.