ಕಾರ್ಟ್ ರೇಸಿಂಗ್: ಹೊಸ ಟೈರ್ ಕೊಳ್ಳುವ ಮೊದಲು ಹಳೇ ಟೈರಿನ ಬಿಸಿ ಓದಿ

ಕಾರ್ಟ್ ರೇಸಿಂಗ್ ದುಡ್ಡಿದ್ದವರ ಆಟ. ಇದನ್ನು ಮುಚ್ಚಿಟ್ಟು ಮಾತಾಡೋದರಲ್ಲಿ ಅರ್ಥವಿಲ್ಲ. ಧಾರವಾಡ ಪಕ್ಕದ ಮುಗದದ ಹುಡುಗಿಯೊಬ್ಬಳಿಗೆ ಈ ಆಸೆ ಹುಟ್ಟಿದರೆ, ರಾಷ್ಟ್ರೀಯ ಚಾಂಪಿಯನ್‌ಶಿಪ್‌ನ ಸುತ್ತುಗಳು ನಡೆದಿರುವ ಟ್ರ್ಯಾಕ್ ಇರೋದು ಒಂದೋ ಗಡಿಯಾಚೆ ಕೊಲ್ಹಾಪುರದ ಮೊಹಿತೆಯಲ್ಲಿ, ಇಲ್ಲಾ 400 ಕಿ.ಮೀ.ಗೂ ದೂರದ ಬೆಂಗಳೂರಿನ ಮೆಕೊ ಕಾರ್ಟೋಪಿಯಾದಲ್ಲಿ. ರೋಟ್ಯಾಕ್ಸ್ ಸರಣಿಯಲ್ಲಿ ಎಲ್ಲರಿಗೂ ಒಂದೇ ಮೋಜೋ ಟೈರ್ ನಿಜ. ಆದರೆ ಅಭ್ಯಾಸಕ್ಕೆ ಎಷ್ಟು ಜೊತೆ ಸವೆಸಬಹುದು ಅನ್ನೋದನ್ನು ತೀರ್ಮಾನಿಸೋದು ಜೇಬೇ. ಕಡಿಮೆ ಓಟದಲ್ಲಿ ಹೆಚ್ಚು ಕಲಿಯಬೇಕಾದವರಿಗೆ ಇರುವ ಅಗ್ಗದ ದಾರಿ ಟೈರಿನ ಉಷ್ಣಾಂಶ ಅಳೆಯೋದು.

ಮೊದಲು ಕಾರ್ಟ್‌ನ ಗುಟ್ಟು. ಇದಕ್ಕೆ ಸಸ್ಪೆನ್ಷನ್ ಇಲ್ಲ, ಡಿಫರೆನ್ಷಿಯಲ್ಲೂ ಇಲ್ಲ. ಹಿಂದಿನ ಎರಡೂ ಚಕ್ರ ಒಂದೇ ಆಕ್ಸಲ್‌ಗೆ ಬಿಗಿದಿರೋದರಿಂದ ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವಿನಲ್ಲಿ ಹೊರಚಕ್ರ ಹೆಚ್ಚು ದೂರ ಕ್ರಮಿಸಬೇಕು, ಒಳಚಕ್ರ ಕಡಿಮೆ. ಹಾಗಾಗಿ ಒಳಗಿನ ಹಿಂಚಕ್ರ ಕೊಂಚ ಮೇಲೇಳಲೇಬೇಕು. ಏಳದಿದ್ದರೆ ಕಾರ್ಟ್ ನೇರಕ್ಕೆ ತಳ್ಳುತ್ತೆ, ಮುಂಚಕ್ರಗಳು ಉಜ್ಜಿಕೊಂಡು ಹೋಗ್ತವೆ.

ಉಜ್ಜಿದ್ದು, ಬಾಗಿದ್ದು ಎಲ್ಲವೂ ರಬ್ಬರಿನಲ್ಲಿ ಬಿಸಿಯಾಗಿ ದಾಖಲಾಗುತ್ತೆ. ಟೈರ್ ತಣ್ಣಗಿದ್ದರೆ ಹಿಡಿತವಿಲ್ಲ, ಮಿತಿಮೀರಿ ಕಾದರೆ ಮೈ ಜಿಡ್ಡಾಗಿ ಜಾರುತ್ತೆ.

ಓಟ ಮುಗಿಸಿ ಪಿಟ್‌ಗೆ ಬಂದ ಕೂಡಲೇ ಪ್ರತಿ ಟೈರಿನ ಒಳ ಅಂಚು, ನಡು, ಹೊರ ಅಂಚು ಅಳೆಯಬೇಕು. ನಾಲ್ಕು ಟೈರಿಗೆ 12 ಅಂಕಿ. ಇನ್‌ಫ್ರಾರೆಡ್ ಗನ್ ಸುಲಭ, ಆದರೆ ಅದು ನೋಡೋದು ಮೇಲ್ಮೈ ಮಾತ್ರ, ಅದು ಬೇಗ ಆರುತ್ತೆ. ಸೂಜಿ ಚುಚ್ಚಿ ಒಳಗಿನ ಬಿಸಿ ಹೇಳುವ ಪೈರೋಮೀಟರ್ ಹೆಚ್ಚು ನಂಬಿಕಸ್ಥ. ಕೊನೆಯ ಸುತ್ತನ್ನು ಆರಾಮಾಗಿ ಓಡಿಸಿಕೊಂಡು ಬಂದರೆ ಅಂಕಿಗೆ ಬೆಲೆ ಇಲ್ಲ. ಪ್ರತಿ ಸಲವೂ ಒಂದೇ ಟೈರಿನಿಂದ ಶುರು ಮಾಡಿ.

ನಡು ಭಾಗ ಅಂಚುಗಳಿಗಿಂತ ಬಿಸಿಯಾಗಿದ್ದರೆ ಗಾಳಿ ಹೆಚ್ಚಾಗಿದೆ. ಎರಡೂ ಅಂಚು ಬಿಸಿಯಾಗಿ ನಡು ತಣ್ಣಗಿದ್ದರೆ ಕಡಿಮೆಯಾಗಿದೆ. ಮುಂದಿನ ಟೈರಿನ ಒಳ ಅಂಚು ಮಾತ್ರ ತೀರಾ ಕಾದಿದ್ದರೆ ನೆಗೆಟಿವ್ ಕ್ಯಾಂಬರ್ ಅತಿಯಾಗಿದೆ, ಇಲ್ಲವೇ ಟೋ ತಪ್ಪಿದೆ. ಗಡಿಯಾರದ ದಿಕ್ಕಿನ ಟ್ರ್ಯಾಕ್‌ನಲ್ಲಿ ಎಡ ಟೈರುಗಳು ಹೆಚ್ಚು ಬಿಸಿಯಾಗೋದು ಸಹಜ. ಅದನ್ನು ಸರಿಮಾಡಲು ಹೋಗಬೇಡಿ.

ಜನ ಎಡವೋದು ಮುಂದೆ-ಹಿಂದೆ ಹೋಲಿಸುವಾಗ. ಮುಂದಿನ ಟೈರ್ ಹೆಚ್ಚು ಬಿಸಿ ಅಂದಾಕ್ಷಣ ತೊಂದರೆ ಮುಂದೆಯೇ ಇದೆ ಅಂತಲ್ಲ. ಒಳಗಿನ ಹಿಂಚಕ್ರ ಏಳದೇ ಅಂಟಿಕೊಂಡಿದ್ದರೂ ಮುಂದಿನವೇ ಕಾಯ್ತವೆ. ಆಗ ಮುಂಚಕ್ರಗಳ ನಡುವಿನ ಅಗಲ ಹೆಚ್ಚಿಸಿದರೆ ಅಥವಾ ಕ್ಯಾಸ್ಟರ್ ಹೆಚ್ಚಿಸಿದರೆ, ಸ್ಟೀರಿಂಗ್ ತಿರುಗಿಸಿದಾಗ ಒಳ ಹಿಂಚಕ್ರ ಸಲೀಸಾಗಿ ಏಳುತ್ತೆ. ಹಿಂದಿನವು ಕಾದು ಬಾಲ ಹೊರಳುತ್ತಿದ್ದರೆ, ಒಣ ಟ್ರ್ಯಾಕ್‌ನಲ್ಲಿ ಸಾಮಾನ್ಯವಾಗಿ ಹಿಂದಿನ ಹಬ್‌ಗಳನ್ನು ಕೆಲವು ಮಿ.ಮೀ. ಒಳಗೆ ಸರಿಸಿ ನೋಡ್ತಾರೆ. ಯಾವುದಕ್ಕೂ ಓಡಿಸಿದವರನ್ನು ಮೊದಲು ಕೇಳಿ. ಅವರ ಸೊಂಟಕ್ಕೆ ಗೊತ್ತಾಗಿದ್ದು ಮೀಟರಿಗೆ ಗೊತ್ತಾಗಿರಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಏನಾಯ್ತು ಅಂತ ದೇವರಿಗೇ ಗೊತ್ತು.

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಪಠ್ಯದ ಅನಿಲ ನಿಯಮವೇ. 30 ಡಿಗ್ರಿಯಲ್ಲಿ 10 ಪಿಎಸ್‌ಐ ತುಂಬಿದ ಟೈರಿನೊಳಗಿನ ಗಾಳಿ 70 ಡಿಗ್ರಿಗೆ ಕಾದರೆ ಒತ್ತಡ 13 ದಾಟುತ್ತೆ. ಎಂಜಿನ್ ಬಗ್ಗೆ ತಾಸುಗಟ್ಟಲೆ ವಾದ ಮಾಡೋರು ಈ 3 ಪಿಎಸ್‌ಐ ಮರೆತಿರ್ತಾರೆ. ಅಂಕಿಗಳ ಜೊತೆಗೆ ಗಾಳಿಯ ಬಿಸಿ, ನೆಲದ ಬಿಸಿ, ಹೊತ್ತು, ಓಡಿದ ಸುತ್ತು ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ. ಇನ್ನೊಂದು ಮಾತು: ಒತ್ತಡ ನೋಡುವ ಮೊದಲು ಟೈರ್‌ಗಳನ್ನು ನೆರಳಿಗೆ ಸರಿಸಿ. ಬೆಳಗ್ಗೆ 20 ಡಿಗ್ರಿಯಲ್ಲಿ 10 ತುಂಬಿ ಬಿಸಿಲಲ್ಲಿ ಬಿಟ್ಟ ಟೈರ್, 35 ಡಿಗ್ರಿಗೆ ಕಾಯೋ ಹೊತ್ತಿಗೆ, ಒಂದು ಸುತ್ತೂ ಓಡದೆ 11 ದಾಟಿರುತ್ತೆ.