ವರ್ಣ ತಾಪಮಾನ ಮತ್ತು ಹೂಬಿಡುವಿಕೆ

ವರ್ಣ ತಾಪಮಾನವು ದೀಪದ ಬೆಳಕಿನ ಬಣ್ಣವನ್ನು ಸೂಚಿಸುವ ಅಳತೆ. ಇದರ ಏಕಮಾನ ಕೆಲ್ವಿನ್. ಕಾದ ವಸ್ತು ಬಿಸಿಯೇರಿದಂತೆ ಕೆಂಪಿನಿಂದ ಹಳದಿಗೆ, ಬಿಳುಪಿಗೆ ತಿರುಗುವುದೇ ಈ ಅಳತೆಯ ಆಧಾರ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಾರ್ಖಾನೆಯಂತಹ ಕಡೆ ಕರಗಿದ ಕಬ್ಬಿಣವು ಸುಮಾರು 1800 ಕೆಲ್ವಿನ್‌ನಲ್ಲಿ ಕಿತ್ತಳೆ ಹಳದಿಯಾಗಿ ಹೊಳೆಯುತ್ತಿತ್ತು. ಹಳದಿ ಛಾಯೆಯ ಎಲ್‌ಇಡಿ ದೀಪದ್ದು 2700, ಹಗಲಿನ ಬಿಳುಪಿನದು 6500 ಕೆಲ್ವಿನ್.

ಈ ಸಂಖ್ಯೆ ತಿಳಿಸುವುದು ಮನುಷ್ಯನ ಕಣ್ಣಿಗೆ ತೋರುವ ಬಣ್ಣವನ್ನು ಮಾತ್ರ. ಹಳದಿ ದೀಪದಲ್ಲಿ ಕೆಂಪು ಕಿರಣಗಳ ಪಾಲು ಹೆಚ್ಚು. ಬಿಳಿ ದೀಪದಲ್ಲಿ ನೀಲಿ ಹೆಚ್ಚಿದ್ದು, ಅದು ಗಿಡವನ್ನು ಗಿಡ್ಡವಾಗಿರಿಸುತ್ತದೆ. ಹಳದಿ ದೀಪವೇ ಹೂ ಬರಿಸುತ್ತದೆ ಎಂಬ ಪ್ರಚಲಿತ ನಂಬಿಕೆ ಅರ್ಧಸತ್ಯ. ಸೇವಂತಿಗೆ, ಗಾಂಜಾ ಮೊದಲಾದ ಹ್ರಸ್ವದಿನ ಸಸ್ಯಗಳು ಹೂಬಿಡುವುದು ರಾತ್ರಿ ಸಾಕಷ್ಟು ದೀರ್ಘವಾದಾಗ. ನಡುರಾತ್ರಿ ಕೆಂಪು ಬೆಳಕು ಬಿದ್ದರೆ ಎಲೆಯಲ್ಲಿನ ಫೈಟೋಕ್ರೋಮ್ ಎಂಬ ವರ್ಣದ್ರವ್ಯವು ಅದನ್ನು ಗ್ರಹಿಸಿ, ಮೊಗ್ಗು ಮೂಡುವುದು ತಡವಾಗುತ್ತದೆ. ಹೀಗೆ ಹೂ ಬರಿಸುವುದೆಂದು ನಂಬಲಾದ ದೀಪವೇ ಹೂವನ್ನು ತಡೆಯಬಲ್ಲದು. ಹಸಿರುಮನೆಯ ಸೇವಂತಿಗೆ ಬೆಳೆಗಾರರು ಹಬ್ಬದ ಹೊತ್ತಿಗೆ ಹೂ ಸಿಗುವಂತೆ ಮಾಡಲು ಇದನ್ನೇ ಬಳಸುತ್ತಾರೆ. ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಶಿವಮೊಗ್ಗದಲ್ಲಿ ಹಗಲು ಜೂನ್‌ನಲ್ಲಿ ಸುಮಾರು 13 ಗಂಟೆ, ಡಿಸೆಂಬರ್‌ನಲ್ಲಿ ಹನ್ನೊಂದೂಕಾಲು ಗಂಟೆ. ವ್ಯತ್ಯಾಸ ಅಲ್ಪವೆನಿಸಿದರೂ ಗಿಡಕ್ಕೆ ಅಷ್ಟು ಸಾಕು.

ಗಾಂಜಾ ಕೃಷಿಯನ್ನು ಪರವಾನಗಿಯಿಲ್ಲದೆ ಮಾಡುವುದು 1985ರ ಮಾದಕವಸ್ತು ಕಾಯ್ದೆಯಡಿ ಅಪರಾಧ. 2023ರಲ್ಲಿ ಶಿವಮೊಗ್ಗದ ಬಾಡಿಗೆ ಮನೆಯೊಂದರಲ್ಲಿ ಕೃತಕ ಬೆಳಕಿನಡಿ ಬೆಳೆಸಿದ್ದ ಗಿಡಗಳನ್ನು ಪೊಲೀಸರು ವಶಪಡಿಸಿಕೊಂಡು, ವೈದ್ಯಕೀಯ ವಿದ್ಯಾರ್ಥಿಗಳನ್ನು ಬಂಧಿಸಿದ್ದರು.