ಟ್ಯೂನರ್ ಎಂಬ ದೂರದ ನೆಂಟ

ಶಬ್ದಗಳ ಜಾಡು ಹಿಡಿದು ಹೊರಟ ನಮ್ಮಂಥವರಿಗೆ ‘ಟ್ಯೂನರ್’ ಪರದೇಶಿಯಂತೆ ಕಂಡರೂ ಅದರ ಕುಲ ನಮಗೆ ಪರಿಚಿತವೇ. ಇಂಗ್ಲಿಷಿನ ‘ಟ್ಯೂನ್’ ಎಂಬುದು ‘ಟೋನ್’ನ ಉಚ್ಚಾರಭೇದವಾಗಿ ಮೊಳೆತದ್ದು, ಆ ಟೋನ್ ಲ್ಯಾಟಿನ್ನಿನ ‘ಟೋನಸ್’ ಅನ್ನು ಹಾದು ಗ್ರೀಕಿನ ‘ತೋನೋಸ್’ಗೆ ಮುಟ್ಟುತ್ತದೆ, ತೋನೋಸ್ ಎಂದರೆ ಬಿಗಿದೆಳೆದ ಹುರಿ, ಆ ಬಿಗಿತ, ಬಿಗಿದುದರಿಂದ ಹೊಮ್ಮುವ ಸ್ವರ, ಮೂರೂ ಹೌದು. ಅದರ ಧಾತುವೂ ಸಂಸ್ಕೃತದಲ್ಲಿ ವಿಸ್ತಾರಾರ್ಥದ ‘ತನ್’ ಧಾತುವೂ ಒಡಹುಟ್ಟಿದವು. ತಂತು, ತಾನ, ಮೊದಲಿಗೆ ಮಗ್ಗವನ್ನೂ ಹಾಸುನೂಲನ್ನೂ ಹೇಳುತ್ತಿದ್ದ ತಂತ್ರ, ‘ತಂತ್ರೀ’ ಸವೆದು ತದ್ಭವವಾದ ನಮ್ಮ ತಂತಿ, ಮೊನ್ನೆ ಮೊನ್ನೆ ಹುಟ್ಟಿದ ತಂತ್ರಾಂಶ, ಎಲ್ಲವೂ ಆ ಮನೆಯವೇ. ಕನ್ನಡಕ್ಕೂ ಈ ನಂಟು ಹೊಳೆಯದೆ ಇರಲಿಲ್ಲ: ಹಳಗನ್ನಡದ ‘ಎೞೆ’ ಸೆಳೆಯುವುದಕ್ಕೂ ಸಲ್ಲುತ್ತಿತ್ತು, ನೂಲಿಗೂ ಸಲ್ಲುತ್ತಿತ್ತು. ಆದರೆ ವಾದ್ಯವನ್ನು ಹದಗೊಳಿಸುವಾಗ ನಾವು ಎಳೆತವನ್ನು ಬಿರಡೆಗೆ ಬಿಟ್ಟು ಕಿವಿಯನ್ನು ನೆಚ್ಚಿಕೊಂಡೆವು. ಶ್ರುತಿ ಸೇರಿಸು, ಶ್ರುತಿ ಮಾಡು, ಶ್ರುತಿಗೂಡು ಎಂದೆಲ್ಲ ಕೇಳ್ಮೆಯ ಮಾತನ್ನೇ ಆಡಿದೆವು.

ಇಂಗ್ಲಿಷಿನಲ್ಲಿ ಟ್ಯೂನರ್ ಬಹುಕಾಲ ಒಬ್ಬ ಮನುಷ್ಯ, ಪಿಯಾನೋಗೆ ಶ್ರುತಿ ಕೂಡಿಸುವವನು. ಆಲಿವರ್ ಲಾಜ್ 1897ರಲ್ಲಿ ನಿಸ್ತಂತು ಸಂಕೇತಗಳನ್ನು ಬೇರ್ಪಡಿಸಿ ಹಿಡಿಯುವ ಉಪಾಯಕ್ಕೆ ಪೇಟೆಂಟ್ ಬೇಡಿದಾಗ ಅದನ್ನು ‘ಸಿಂಟೋನಿ’ ಎಂದು ಕರೆದದ್ದೂ ತೋನೋಸನ್ನು ನೆನೆದೇ. 1900ರ ಮಾರ್ಕೋನಿಯ 7777ನೆಯ ಪೇಟೆಂಟ್ ಕೂಡ ಶ್ರುತಿಗೂಡಿಕೆಯದೇ. ಎಳೆಯಲು ಅಲ್ಲಿ ತಂತಿಯಿಲ್ಲ, ಸುರುಳಿಗೂ ಕೆಪಾಸಿಟರಿಗೂ ಹೊಂದಿಕೆಯಿದೆ ಅಷ್ಟೆ. ಆದರೂ ಮಾತು ಬಿಗಿತದ ನೆನಪನ್ನು ಹೊತ್ತುಕೊಂಡೇ ರೇಡಿಯೋ ಒಳಹೊಕ್ಕಿತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರ ತೆರೆದ ನಮ್ಮ ಮೈಸೂರಿನ ಸೀಮೆಯಲ್ಲಂತೂ ಜನ ಮುಳ್ಳು ತಿರುಗಿಸಿ ‘ಸ್ಟೇಷನ್ ಹಿಡಿದರು’. ಹಿಡಿ ಎಂಬ ಆ ಕ್ರಿಯಾಪದ ನನಗೆ ಇಂದಿಗೂ ಪ್ರಿಯ.

ಪದ ಅತಿ ಹೆಚ್ಚು ಹಿಗ್ಗಿದ್ದು ಡಿಜಿಟಲ್ ಕಾಲದಲ್ಲಿ. 2002ರಲ್ಲಿ ಬ್ರಿಟನ್ನಿನಲ್ಲಿ ಫ್ರೀವ್ಯೂ ಎಂಬ ಉಚಿತ ಡಿಜಿಟಲ್ ಟಿವಿ ಪ್ರಸಾರ ಆರಂಭವಾಯಿತು; ಅದೇ ವರ್ಷ ಐಸಾಕ್ ರಿಚರ್ಡ್ಸ್ ಲಿನಕ್ಸ್ ಗಣಕವನ್ನೇ ಮನೆಯ ರೆಕಾರ್ಡರ್ ಮಾಡುವ ಮಿಥ್‌ಟಿವಿ ತಂತ್ರಾಂಶವನ್ನು ಆರಂಭಿಸಿದರು. ಅಂಥದ್ದನ್ನು ಕಟ್ಟಲು ಹೊರಟವರು ಅಂಗಡಿಯಲ್ಲಿ ‘ಟ್ಯೂನರ್’ ಕೇಳಿದರೆ ಕಾರ್ಡು, ಯುಎಸ್‌ಬಿ ಕಡ್ಡಿ, ಮನೆಯ ನೆಟ್‌ವರ್ಕಿಗೆ ಸಿಕ್ಕಿಸುವ ಡಬ್ಬಿ, ಎಲ್ಲಕ್ಕೂ ಅದೇ ಹೆಸರು. ಲಿನಕ್ಸ್ ಕರ್ನೆಲ್ ಮಾತ್ರ ವ್ಯುತ್ಪತ್ತಿನಿಷ್ಠವಾಗಿ ಉಳಿದಿದೆ: ಅದರ ಮೂಲಸಂಕೇತದಲ್ಲಿ ಆವರ್ತಾಂಕ ಆರಿಸಿಕೊಳ್ಳುವ ಚಿಪ್ ಮಾತ್ರ ಟ್ಯೂನರ್, ಆರಿಸಿದ್ದರಿಂದ ಬಿಟ್‌ಗಳನ್ನು ಬಿಡಿಸುವುದು ಡಿಮಾಡ್ಯುಲೇಟರ್, ಅದಕ್ಕೆ ಬೇರೆಯೇ ಕಡತಕೋಶ. ಈ ಭೇದ ಕೊಳ್ಳುವವರ ಜೇಬಿಗೂ ಸಂಬಂಧಿಸಿದ್ದು. ಕಡ್ಡಿ ಡಿಜಿಟಲ್ ಭೂಪ್ರಸಾರದ ಹಳೆಯ ಮಾನಕವಾದ ಡಿವಿಬಿ-ಟಿ ಮಾತ್ರ ಅರಿಯುತ್ತದೋ, 2009ರ ಕೊನೆಯಿಂದ ಬ್ರಿಟನ್ನಿನ ಎಚ್‌ಡಿ ಪ್ರಸಾರ ಬಳಸುತ್ತಿರುವ ಡಿವಿಬಿ-ಟಿ2 ಕೂಡ ಅರಿಯುತ್ತದೋ ಎಂಬುದು ಮುಖ್ಯವಾಗಿ ಡಿಮಾಡ್ಯುಲೇಟರಿನ ಗುಣ. ಪೆಟ್ಟಿಗೆಯ ಹೆಸರು ಹಾಗೆಯೇ ಇದ್ದು ಒಳಗಿನ ಚಿಪ್ ಬದಲಾಗುವುದೂ ಉಂಟು. ಆಗ ಚಿಪ್ಪನ್ನು ನಡೆಸುವ ತಂತ್ರಾಂಶ, ಅಂದರೆ ನಿನ್ನೆ ನಡೆದ ಡ್ರೈವರ್, ಇಂದು ನಡೆಯದು.

ಎಣಿಕೆಯಲ್ಲೂ ಅರ್ಥ ಜಾರಿದೆ. ಅನಲಾಗ್ ಕಾಲದಲ್ಲಿ ಒಂದು ಟ್ಯೂನರಿಗೆ ಒಂದೇ ವಾಹಿನಿ. ಈಗ 8 ಮೆಗಾಹರ್ಟ್ಸ್ ಅಗಲದ ಒಂದೊಂದು ಪಟ್ಟಿಯಲ್ಲೂ ಹಲವು ವಾಹಿನಿಗಳು ಹೆಣೆದುಕೊಂಡು ಬರುತ್ತವೆ, ಈ ಕಂತೆಗೆ ಮಲ್ಟಿಪ್ಲೆಕ್ಸ್ ಎಂದು ಹೆಸರು. ಟ್ಯೂನರ್ ಹಿಡಿಯುವುದು ಇಡೀ ಕಂತೆಯನ್ನು. ಅದರೊಳಗಿನ ಎರಡು ಮೂರು ಕಾರ್ಯಕ್ರಮಗಳನ್ನು ಮಿಥ್‌ಟಿವಿಯಾಗಲಿ ಅದೇ ಬಗೆಯ ಟಿವಿಹೆಡೆಂಡ್ ತಂತ್ರಾಂಶವಾಗಲಿ ಒಂದೇ ಟ್ಯೂನರಿನಿಂದ ಏಕಕಾಲಕ್ಕೆ ಮುದ್ರಿಸಿಕೊಳ್ಳಬಲ್ಲವು. ಹಾಗಾಗಿ ನಾಲ್ಕು ವಾಹಿನಿಗೆ ನಾಲ್ಕು ಟ್ಯೂನರ್ ಬೇಕೆಂಬ ಹಳೆಯ ಲೆಕ್ಕವನ್ನು ಬಿಡಬೇಕು. ಬ್ರಿಟನ್ನಿನ ಸಾಮಾನ್ಯ ಮನೆಯೊಂದಕ್ಕೆ ಡಿವಿಬಿ-ಟಿ2 ಬಲ್ಲ, ಡ್ರೈವರ್ ಆಗಲೇ ಕರ್ನೆಲ್‌ನೊಳಗೆ ಸೇರಿರುವ ಎರಡು ಟ್ಯೂನರ್‌ಗಳು ಸಾಕು. ಕೊಳ್ಳುವ ಮುನ್ನ ಪೆಟ್ಟಿಗೆಯ ಮೇಲಿನ ಹೆಸರನ್ನು ಬಿಟ್ಟು ಒಳಗಿರುವ ಎರಡೂ ಚಿಪ್‌ಗಳ ಹೆಸರನ್ನು ವಿಚಾರಿಸಿ.